ಬಾಲಮಂದಿರದಿಂದ ಹೊರಬಂದ ಮೇಲೆ ಗೆಳೆತನ ಉಳಿಸಿಕೊಳ್ಳೋದು ಹೇಗೆ? ಕಾರವಾರ, ಶಿರಸಿ ಕಡೆಯವರು ಬನ್ನಿ, ಮಾತಾಡೋಣ

ಕಾಳಿ ದಂಡೆಯವಳು

ಎಲ್ಲರಿಗೂ ನಮಸ್ಕಾರ. ಇದನ್ನು ಬರೀಬೇಕು ಅಂತ ಎರಡು ತಿಂಗಳಿಂದ ಅಂದ್ಕೊಳ್ತಾ ಇದ್ದೆ. ನನಗೆ ಈಗ 26. ಸದಾಶಿವಗಡದಲ್ಲಿ ಬಾಡಿಗೆ ರೂಮು, ಕಾರವಾರ ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ. ಒಂಬತ್ತನೇ ವಯಸ್ಸಿನಿಂದ ಹದಿನೆಂಟು ತುಂಬುವ ತನಕ ಬೆಳೆದದ್ದು ಹೆಣ್ಣುಮಕ್ಕಳ ಸಂಸ್ಥೆಯೊಂದರಲ್ಲಿ. ಯಾವ ಊರು, ಯಾವ ಸಂಸ್ಥೆ ಅಂತ ಕೇಳಬೇಡಿ, ಅದು ಇಲ್ಲಿ ಮುಖ್ಯ ಅಲ್ಲ.

ಅಲ್ಲಿ ಭಾನುವಾರ ಬೆಳಿಗ್ಗೆ ಅಂದರೆ ತಲೆಗೆ ಎಣ್ಣೆ ಹಚ್ಚುವ ಹೊತ್ತು. ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದೆವು. ಮೇಲಿನ ಮೆಟ್ಟಿಲಲ್ಲಿ ಕೂತವಳು ಕೆಳಗಿನವಳ ತಲೆಗೆ ಎಣ್ಣೆ ಹಾಕಿ, ಸಿಕ್ಕು ಬಿಡಿಸಿ, ಜಡೆ ಹೆಣೆಯಬೇಕು. ನನ್ನ ಹಿಂದೆ ಯಾವಾಗಲೂ ಒಬ್ಬಳೇ ಕೂರುತ್ತಿದ್ದಳು. ನನಗಿಂತ ಎಂಟು ತಿಂಗಳು ಚಿಕ್ಕವಳು. ನನ್ನ ಎಡಗಿವಿಯ ಹಿಂದೆ ಒಂದು ಹಳೇ ಗಾಯದ ಗುರುತಿದೆ. ಬಾಚಣಿಗೆ ಅಲ್ಲಿಗೆ ಬಂದಾಗ ಅವಳ ಕೈ ತಾನಾಗೇ ನಿಧಾನ ಆಗುತ್ತಿತ್ತು. ಅದು ಹೇಗಾಯ್ತು ಅಂತ ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ ಅವಳು.

ನನಗೆ ಹದಿನೆಂಟು ತುಂಬಿತು, ಕಳಿಸಿದರು. ಒಂದು ಟ್ರಂಕು, ಪಿಯುಸಿ ಮಾರ್ಕ್ಸ್ ಕಾರ್ಡು, ಆಧಾರ್, ಹೊಲಿಗೆ ಕಲಿತ ಸರ್ಟಿಫಿಕೇಟು. ಕಾಗದ ಎಲ್ಲ ಸರಿಯಾಗೇ ಕೊಟ್ಟರು, ಇಲ್ಲ ಅನ್ನೋದಿಲ್ಲ. ಆದರೆ ಅವಳ ಹತ್ತಿರ ಫೋನಿಲ್ಲ, ನನ್ನ ಹತ್ತಿರ ಕೊಡೋಕೆ ಅಡ್ರೆಸ್ಸಿಲ್ಲ. ಮುಂದಿನ ವರ್ಷ ಅವಳೂ ಹೊರಬಂದಳು. ಎಲ್ಲಿಗೆ ಹೋದಳು ಅಂತ ಫೋನ್ ಮಾಡಿ ಕೇಳಿದರೆ "ಹೇಳೋಕಾಗಲ್ಲಮ್ಮ" ಅಂದರು. ಹಾಗೆಲ್ಲ ಹೇಳಬಾರದು ಅನ್ನೋದು ಈಗ ನನಗೂ ಅರ್ಥ ಆಗುತ್ತದೆ. ಆದರೆ ಅವಳು ಹೊರಡುವ ದಿನ "ನಿನ್ನ ಗೆಳತಿ ಕೇಳಿದರೆ ನಂಬರ್ ಕೊಡಬಹುದಾ" ಅಂತ ಅವಳನ್ನೇ ಒಂದು ಮಾತು ಕೇಳಬಹುದಿತ್ತು, ಅಲ್ವಾ?

ಒಳಗಿದ್ದಾಗ ನಾವು ಕೆಲವರು ಮಾತಾಡಿಕೊಂಡಿದ್ದೆವು, ಯಾರು ಎಲ್ಲೇ ಹೋದರೂ ಶಿರಸಿ ಮಾರಿಜಾತ್ರೆಗೆ ಬರಬೇಕು ಅಂತ. ಎರಡು ವರ್ಷಕ್ಕೊಮ್ಮೆ ಆಗುವ ಜಾತ್ರೆ. 2018ಕ್ಕೆ ಹೋದೆ, 2020ಕ್ಕೆ ಹೋದೆ, 2022ಕ್ಕೂ ಹೋದೆ. ಯಾರೂ ಸಿಗಲಿಲ್ಲ. 2024ರ ಮಾರ್ಚಿನಲ್ಲಿ ಬಿಡಕಿಬೈಲಿನ ಆ ನೂಕುನುಗ್ಗಲಲ್ಲಿ ಸಾಲು ನಿಂತಿದ್ದೆ, ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದು ಎಳೆದರು. ತಿರುಗಿ ನೋಡುವ ಮುಂಚೆಯೇ ಗೊತ್ತಾಯಿತು ಯಾರು ಅಂತ.

ಅದಾಗಿ ಐದು ತಿಂಗಳಿಗೆ, ಆಗಸ್ಟ್ 6ರ ನಡುರಾತ್ರಿ ಕಳೆದ ಮೇಲೆ, ಕಾಳಿ ನದಿಯ ಹಳೇ ಸೇತುವೆ ಕುಸಿದದ್ದು ನೆನಪಿದೆಯಲ್ವಾ? ನಾನು ದಿನಾ ಕೆಲಸಕ್ಕೆ ಹೋಗಿ ಬರುವ ದಾರಿ ಅದು. ಇನ್ನೂ ಬೆಳಕು ಹರಿದಿರಲಿಲ್ಲ, ಹುಬ್ಬಳ್ಳಿಯಿಂದ ಅವಳ ಫೋನು. "ಎಲ್ಲಿದ್ದೀಯೇ ನೀನು? ಮೊದಲು ಎಲ್ಲಿದ್ದೀಯ ಹೇಳು." ರೂಮಲ್ಲೇ ಇದ್ದೀನಿ ಅಂದೆ. ಆ ಕಡೆಯಿಂದ ಮಾತೇ ಇಲ್ಲ, ಉಸಿರಾಡೋದು ಮಾತ್ರ ಕೇಳಿಸ್ತಿತ್ತು. ಆ ದಿನ ನನ್ನ ಓಣಿಯಲ್ಲಿ ಎಲ್ಲರಿಗೂ ಊರಿಂದ ಫೋನ್ ಬಂತು, ಅಪ್ಪ, ಅಮ್ಮ, ಮಾವ, ಚಿಕ್ಕಮ್ಮ. ನನಗೆ ಬಂದದ್ದು ಇದೊಂದೇ. ಏಳು ವರ್ಷ ಈ ಒಂದು ಫೋನೂ ಇಲ್ಲದೆ ಇದ್ದೆ ನಾನು.

ಹೊರಬರುವ ಮಕ್ಕಳಿಗೆ ದುಡ್ಡು, ತರಬೇತಿ, ಹಾಸ್ಟೆಲ್ ಅಂತ ಅಷ್ಟೋ ಇಷ್ಟೋ ವ್ಯವಸ್ಥೆ ಇದೆ. ಅವರ ಗೆಳೆತನ ಮಾತ್ರ ಯಾರ ಲೆಕ್ಕಕ್ಕೂ ಬರೋದಿಲ್ಲ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಏನು ಮಾಡಬಹುದು? ಗೊತ್ತಿರುವವರು ಹೇಳಿ.

ಬೈತಖೋಲದ ಹುಡುಗ

ಅಕ್ಕಾ, ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನೂ ಹಾಗೇ ಬೆಳೆದವನು. ಈಗ ಬೋಟಿಗೆ ಹೋಗ್ತೀನಿ.

ಹುಡುಗರ ಕಥೆ ಸ್ವಲ್ಪ ಬೇರೆ. ನಾವು ಅಳೋದಿಲ್ಲ, ಫೋನ್ ಮಾಡಿ "ಹೇಗಿದ್ದೀಯ" ಅಂತ ಕೇಳೋದೂ ಇಲ್ಲ. ಒಟ್ಟಿಗೆ ಇದ್ದವರು ನಾಲ್ಕು ಜನ ಒಟ್ಟಿಗೇ ಹೊರಬಂದೆವು. ಒಬ್ಬ ಗೋವಾ, ಒಬ್ಬ ದಾಂಡೇಲಿ, ಒಬ್ಬ ಎಲ್ಲಿದ್ದಾನೋ ಗೊತ್ತೇ ಇಲ್ಲ. ದಾಂಡೇಲಿಯವನಿಗೆ ಒಂದು ಸಲ 6,000 ಕೊಟ್ಟಿದ್ದೆ, ವಾಪಸ್ ಕೊಡೋಕೆ ಆಗಲಿಲ್ಲ ಅಂತ ನಾಚಿಕೆಗೆ ಫೋನ್ ಎತ್ತೋದೇ ಬಿಟ್ಟ. ದುಡ್ಡು ಹೋದರೆ ಹೋಗಲಿ, ಅವನೇ ಹೋದನಲ್ಲ. ನಮಗೆ ಕಷ್ಟಕ್ಕೆ ಕೈ ಚಾಚೋಕೆ ಮನೆಯವರಿಲ್ಲ, ಹಾಗಾಗಿ ಎಲ್ಲ ಭಾರ ಗೆಳೆಯನ ಮೇಲೇ ಬೀಳುತ್ತದೆ. ಅವನ ಜೇಬೂ ಖಾಲಿ, ನನ್ನ ಜೇಬೂ ಖಾಲಿ. ಗೆಳೆತನ ಮುರಿಯೋದು ಹೀಗೆ. ಜಗಳ ಆಗಿ ಅಲ್ಲ.

ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್. 61 ದಿನ ಕೈಯಲ್ಲಿ ಕೆಲಸ ಇಲ್ಲ, ಮಳೆ, ರೂಮಲ್ಲಿ ಒಬ್ಬನೇ. ನನ್ನ ಜೊತೆ ಕೆಲಸ ಮಾಡುವವರೆಲ್ಲ ಊರಿಗೆ ಹೋಗ್ತಾರೆ, ನಾನು ಎಲ್ಲಿಗೆ ಹೋಗಲಿ? ಕುಡಿತ ಶುರುವಾಗೋದೂ ಆ ಎರಡು ತಿಂಗಳಲ್ಲೇ. ನೀವು ಏನಾದರೂ ಮಾಡೋದಾದರೆ ಮಳೆಗಾಲದಲ್ಲಿ ಮಾಡಿ.

ಶಿರಸಿ ಪೇಟೆ

ನಿಮ್ಮ ಕಷ್ಟ ನೋಡಿ ಬೇಜಾರಾಯ್ತು. ಆದರೂ ಒಂದು ಮಾತು ಕೇಳ್ತೀನಿ, ತಪ್ಪು ತಿಳಿಯಬೇಡಿ. ಹಳೇದನ್ನು ಬಿಟ್ಟು ಹೊಸ ಗೆಳೆಯರನ್ನು ಮಾಡಿಕೊಂಡರೆ ಒಳ್ಳೇದಲ್ವಾ? ಒಂದೇ ಥರ ನೋವು ತಿಂದವರು ಒಟ್ಟಿಗೆ ಸೇರಿದರೆ ಅದೇ ಮಾತು, ಅದೇ ನೆನಪು. ಒಬ್ಬ ದಾರಿ ತಪ್ಪಿದರೆ ಇನ್ನೊಬ್ಬನನ್ನೂ ಎಳೆದುಕೊಂಡು ಹೋಗಬಹುದು.

ಕಾಳಿ ದಂಡೆಯವಳು

ತಪ್ಪು ತಿಳಿಯೋದಿಲ್ಲ. ಇದೇ ಮಾತನ್ನು ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೀನಿ.

ಹೊಸ ಗೆಳತಿಯರು ನನಗೂ ಇದ್ದಾರೆ, ಒಳ್ಳೆಯವರು. ಆದರೆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಸಾಕು, "ನಿಮ್ಮನೇಲಿ ಚೌತಿಗೆ ಏನು ಮಾಡ್ತಾರೆ?" ಅವರು ಬೇಕು ಅಂತ ಕೇಳೋದಲ್ಲ, ಎಲ್ಲರೂ ಕೇಳುವ ಮಾತೇ ಅದು. ಆದರೆ ಉತ್ತರಕ್ಕೆ ನಾನು ಒಂದು ಮನೆ ಕಟ್ಟಬೇಕು ಬಾಯಲ್ಲಿ. ಒಂದು ಸಲ ಇಲ್ಲದ ಅಜ್ಜಿಯ ಬಗ್ಗೆ ಹೇಳಿಬಿಟ್ಟೆ, ಆಮೇಲೆ ಎರಡು ವರ್ಷ ಆ ಅಜ್ಜಿಯ ಆರೋಗ್ಯ ವಿಚಾರಿಸುತ್ತಿದ್ದರು. ಹಳೇ ಗೆಳತಿಯ ಹತ್ತಿರ ಇದು ಯಾವುದೂ ಬೇಡ. ನಾವು ಸೇರಿದಾಗ ನೋವಿನ ಮಾತೇ ಬರೋದಿಲ್ಲ, ನಂಬಿ. ಯಾವ ಅಂಗಡಿಯಲ್ಲಿ ಚೂಡಿದಾರಕ್ಕೆ ಕಡಿಮೆ ಹೇಳ್ತಾರೆ, ಅವಳ ಸೂಪರ್‌ವೈಸರ್ ಹೇಗೆ ಬೈತಾನೆ, ಇದೇ ಮಾತು.

ದಾರಿ ತಪ್ಪೋದರ ಬಗ್ಗೆ: ಒಬ್ಬರೇ ಇದ್ದಾಗ ತಪ್ಪೋದು ಸುಲಭ. ಬೈತಖೋಲದ ತಮ್ಮ ಮೇಲೆ ಬರೆದದ್ದು ಅದೇ ಅಲ್ವಾ?

ಕುಮಟೆಯ ಅಕ್ಕೋರು

ನಾನು ಹದಿನೆಂಟು ವರ್ಷ ಗೃಹಮಾತೆಯಾಗಿ ಕೆಲಸ ಮಾಡಿ ನಿವೃತ್ತಿ ಆದವಳು. ಒಳಗಿನ ಕಡೆಯಿಂದಲೂ ಒಂದು ಮಾತು ಹೇಳಬೇಕು ಅನ್ನಿಸಿತು.

ತಂಗಿ, ನಿನಗೆ ಯಾಕೆ ಹೇಳಲಿಲ್ಲ ಅಂದರೆ, ಎಷ್ಟೋ ಹುಡುಗಿಯರನ್ನು ಹುಡುಕಿಕೊಂಡು ಬರಬಾರದವರು ಬರ್ತಾರೆ. "ಅವಳ ಗೆಳತಿ" ಅಂತ ಹೇಳಿ ಬೇರೆ ಯಾರೋ ಫೋನ್ ಮಾಡಿದ್ದನ್ನು ನಾನೇ ಕೇಳಿದ್ದೀನಿ. ಹೊರಗೆ ಹೋದ ದೊಡ್ಡ ಹುಡುಗರು ಒಳಗಿನ ಚಿಕ್ಕವರನ್ನು ನೋಡೋಕೆ ಬಂದರೆ ಅಧೀಕ್ಷಕರು ಹತ್ತು ಸಲ ಯೋಚನೆ ಮಾಡಲೇಬೇಕು. ಆ ಎಚ್ಚರ ಬೇಕು, ಅದನ್ನು ನಾನು ಬಿಟ್ಟುಕೊಡೋದಿಲ್ಲ.

ಆದರೆ ನಿನ್ನ ಪ್ರಶ್ನೆ ಸರಿ. ಅವಳನ್ನೇ ಕೇಳಬಹುದಿತ್ತು. ನಾವು ಕೇಳಲಿಲ್ಲ, ನಾನೂ ಕೇಳಿದವಳಲ್ಲ. ನಮಗೆ ಆಗ ಊಟ, ಪರೀಕ್ಷೆ, ಜ್ವರ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಿ, ಇಷ್ಟರಲ್ಲೇ ದಿನ ಮುಗೀತಿತ್ತು. ರಾತ್ರಿ ಇಬ್ಬರು ಹುಡುಗಿಯರು ಒಂದೇ ಹೊದಿಕೆಯಲ್ಲಿ ಪಿಸುಗುಟ್ಟುತ್ತಿದ್ದರೆ "ಮಲಗ್ರೇ" ಅಂತ ಗದರುತ್ತಿದ್ದೆ. ಎಷ್ಟೋ ಸಲ ಜಾಸ್ತಿ ಹಚ್ಚಿಕೊಂಡವರನ್ನು ಬೇರೆ ಬೇರೆ ಕೋಣೆಗೆ ಹಾಕಿದ್ದೂ ಇದೆ, ಓದು ಕೆಡುತ್ತದೆ ಅಂತ. ಈಗ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇನ್ನೊಂದು ವಿಷಯ ಹೇಳ್ತೀನಿ, ಒಳಗೆ ಕೆಲಸ ಮಾಡುವವರು ಯಾರಾದರೂ ಓದುತ್ತಿದ್ದರೆ ಗಮನಿಸಿ. ಪ್ರತಿ ಮಗುವಿಗೂ ಒಂದು ವೈಯಕ್ತಿಕ ಆರೈಕೆ ಯೋಜನೆ ಮಾಡಬೇಕು. ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲಿ ಅದಕ್ಕೆ ಫಾರಂ 7 ಇದೆ. ಅದರಲ್ಲಿ ಆರೋಗ್ಯ, ಓದು, ಆಟ ಇವುಗಳ ಜೊತೆಗೇ ಮಗುವಿನ ಬಾಂಧವ್ಯ ಮತ್ತು ಒಡನಾಟಕ್ಕೂ ಒಂದು ಸಾಲು ಇಟ್ಟಿದ್ದಾರೆ. ನಾವು ಅಲ್ಲಿ "ಎಲ್ಲರೊಂದಿಗೆ ಹೊಂದಿಕೊಂಡಿದ್ದಾಳೆ" ಅಂತ ಬರೆದು ಮುಗಿಸುತ್ತಿದ್ದೆವು. ಅಲ್ಲಿ ಹೆಸರು ಬರೆಯಿರಿ. ಯಾರ ಜೊತೆ ಊಟಕ್ಕೆ ಕೂರ್ತಾಳೆ, ಜ್ವರ ಬಂದಾಗ ಯಾರನ್ನು ಕೇಳ್ತಾಳೆ, ಅದನ್ನು ಬರೆಯಿರಿ. ಬಿಡುಗಡೆಗೆ ಆರು ತಿಂಗಳು ಇರುವಾಗಲೇ ಇಬ್ಬರನ್ನೂ ಕೂರಿಸಿ ಕೇಳಿ, ಸಂಪರ್ಕ ಬೇಕಾ, ಹೇಗೆ ಇಟ್ಕೊಳ್ತೀರಿ ಅಂತ. ಇಬ್ಬರೂ ಹೂಂ ಅಂದರೆ ಮಾತ್ರ ನಂಬರ್ ಕೊಡಿ. ಇದಕ್ಕೆ ಹೊಸ ಆದೇಶ, ಹೊಸ ದುಡ್ಡು ಯಾವುದೂ ಬೇಡ.

ಅಂಕೋಲೆಯ ಎಂಎಸ್‌ಡಬ್ಲ್ಯೂ

ಅಕ್ಕೋರು ಹೇಳಿದ್ದಕ್ಕೆ ಸೇರಿಸ್ತೀನಿ. 2015ರ ಬಾಲನ್ಯಾಯ ಕಾಯ್ದೆಯ 46ನೇ ಕಲಮಿನ ಪ್ರಕಾರ 18 ತುಂಬಿ ಹೊರಬರುವವರಿಗೆ ಹಣದ ನೆರವು ಕೊಡಬಹುದು. ಇದಕ್ಕೆ ನಮ್ಮಲ್ಲಿ ಅನುಪಾಲನೆ ಅಂತಾರೆ. 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಮಿಷನ್ ವಾತ್ಸಲ್ಯ ಅಂತ ಕೇಂದ್ರದ ಮಕ್ಕಳ ರಕ್ಷಣೆ ಯೋಜನೆ ಇದೆ, ಅದರಲ್ಲಿ ತಿಂಗಳಿಗೆ 4,000 ರೂಪಾಯಿ ನಿಗದಿ ಮಾಡಿದ್ದಾರೆ. ಕೇಳೋದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ, ಹೊರಬರುವ ಮುಂಚೆಯೇ ಕೇಳಿಡಿ.

ನಿಮ್ಮ ವಿಷಯಕ್ಕೆ ನೇರ ಸಂಬಂಧಪಟ್ಟದ್ದು ಇನ್ನೊಂದು ಇದೆ. ಅದೇ ಮಾದರಿ ನಿಯಮಗಳ 25ನೇ ನಿಯಮದಲ್ಲಿ, ಹೊರಬಂದವರು ಆರರಿಂದ ಎಂಟು ಜನ ಸೇರಿ ಸ್ವಲ್ಪ ಕಾಲ ಒಂದೇ ಮನೆಯಲ್ಲಿ ಇರಬಹುದು ಅಂತ ಹೇಳಿದೆ. ಅವರನ್ನು ಆಗಾಗ ಬಂದು ಮಾತಾಡಿಸೋಕೆ ಒಬ್ಬ ಕೌನ್ಸೆಲರ್ ಕೂಡ ಇರಬೇಕು. ಅಂದರೆ ಗೆಳೆಯರು ಒಟ್ಟಿಗೆ ಬದುಕು ಶುರು ಮಾಡುವ ದಾರಿ ಕಾಗದದಲ್ಲಿ ಆಗಲೇ ಇದೆ. ಯಾರ ಜೊತೆ ಇರಬೇಕು ಅಂತ ಆ ಮಕ್ಕಳನ್ನೇ ಕೇಳಿ ಗುಂಪು ಮಾಡಿದರೆ ಅರ್ಧ ಕೆಲಸ ಆದಂತೆ.

ಮತ್ತೆ ದಯವಿಟ್ಟು ಇಲ್ಲಿ ಯಾರೂ ಸಂಸ್ಥೆಯಲ್ಲಿ ಇರುವ ಮಕ್ಕಳ ಹೆಸರು, ಫೋಟೊ, ಶಾಲೆ ಹಾಕಬೇಡಿ. 74ನೇ ಕಲಮಿನಲ್ಲಿ ಅದು ಅಪರಾಧ. ಹಳೇ ಗ್ರೂಪ್ ಫೋಟೊ ಹಾಕಿ "ಇವರು ಎಲ್ಲಿದ್ದಾರೆ" ಅಂತ ಕೇಳೋದೂ ಬೇಡ. ಅದರಲ್ಲಿ ಯಾರಿಗೋ ತಾನು ಅಲ್ಲಿದ್ದೆ ಅಂತ ಗಂಡನ ಮನೆಯವರಿಗೆ ಗೊತ್ತಾಗೋದು ಬೇಡವಾಗಿರಬಹುದು.

ಕಾಳಿ ದಂಡೆಯವಳು

ಅಕ್ಕೋರೇ, ನೀವು ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. "ಆ ಗದರೋದೂ ಈಗ ಬೇಕು ಅನ್ಸತ್ತೆ" ಅಂದಳು.

ಫೋಟೊ ವಿಷಯ ನೂರಕ್ಕೆ ನೂರು ಸರಿ.

ಲೀಡ್ಸ್‌ನಿಂದ ಹೊನ್ನಾವರದವಳು

ನಾನಿಲ್ಲಿ ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿ ಸರ್ಕಾರದ ಆಸರೆಯಲ್ಲಿ ಬೆಳೆದವರಿಗೆ 25 ವರ್ಷ ಆಗುವ ತನಕ ಒಬ್ಬ ಸಲಹೆಗಾರರನ್ನು ಕೇಳುವ ಹಕ್ಕಿದೆ, 2017ರ ಕಾಯ್ದೆಯಿಂದ. ಸಾಕಿದ ಮನೆಯಲ್ಲೇ, ಆ ಮನೆಯವರೂ ಒಪ್ಪಿದರೆ, 21ರ ತನಕ ಇರೋಕೆ 2014ರಿಂದ ಅವಕಾಶ ಇದೆ. ಇಷ್ಟೆಲ್ಲ ಇದ್ದರೂ ವಾರ್ಡಿಗೆ ಬರುವ ಎಷ್ಟೋ ಹುಡುಗರ ಫಾರಮ್ಮಿನಲ್ಲಿ ತುರ್ತು ಸಂಪರ್ಕದ ಜಾಗ ಖಾಲಿ ಇರುತ್ತದೆ. ಹೋದ ಚಳಿಗಾಲದಲ್ಲಿ ಒಬ್ಬ ಹುಡುಗ ಅಲ್ಲಿ ಪೆನ್ನು ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದ. ಆಮೇಲೆ ಒಂದು ಹೆಸರು ಬರೆದು, ಸಂಬಂಧ ಏನು ಅನ್ನುವಲ್ಲಿ "ಒಟ್ಟಿಗೆ ಬೆಳೆದವರು" ಅಂತ ಹಾಕಿದ. ಆ ಗೆಳೆಯ ಮೂರು ಬಸ್ ಬದಲಾಯಿಸಿ ರಾತ್ರಿಯೇ ಬಂದ.

ನಮ್ಮ ಊರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರಿಗೆ ಒಂದು ವಿನಂತಿ. "ಮನೆಯವರು ಯಾರೂ ಬಂದಿಲ್ವಾ?" ಅಂತ ಕೇಳುವ ಬದಲು "ನಿಮ್ಮ ಜೊತೆ ಯಾರಿದ್ದಾರೆ?" ಅಂತ ಕೇಳಿ. ಗೆಳತಿ ಅಂದರೆ ಅವಳನ್ನು ಹೊರಗೆ ನಿಲ್ಲಿಸಬೇಡಿ.

ಶಿರಸಿ ಪೇಟೆ

ನಾನು ಮೊದಲು ಬರೆದದ್ದನ್ನು ಮತ್ತೆ ಓದಿದೆ. ನನಗೆ ಗೊತ್ತಿಲ್ಲದೆ ಬರೆದೆ. ನನ್ನದು ಮೂರು ಬಾಡಿಗೆ ರೂಮುಗಳಿವೆ, ಈತನಕ ಬ್ಯಾಚುಲರ್ ಹುಡುಗರು ಬಂದರೆ ಅಪ್ಪನನ್ನು ಕರ್ಕೊಂಡು ಬಾ ಅಂತಲೇ ಹೇಳುತ್ತಿದ್ದೆ. ಇಬ್ಬರು ಹುಡುಗರು ಬಂದು ಹಾಗೇ ತಿರುಗಿ ಹೋದದ್ದು ಈಗ ನೆನಪಾಗ್ತಿದೆ, ಏನೂ ಹೇಳಲಿಲ್ಲ, ಸುಮ್ನೆ ಹೋದರು. ಕೆಲಸದ ಕಡೆಯ ಗುರುತು ಚೀಟಿ, ಆಧಾರ್ ಇದ್ದರೆ ನನಗೆ ಸಾಕು. ಇಬ್ಬರು ಗೆಳೆಯರು ಒಟ್ಟಿಗೆ ಇರಬೇಕು ಅಂದರೆ ಒಂದು ರೂಮು ಮುಂದಿನ ತಿಂಗಳು ಖಾಲಿ ಆಗುತ್ತದೆ. ಅಡ್ವಾನ್ಸ್ ಕಂತಲ್ಲಿ ಕೊಟ್ಟರೂ ನಡೆಯುತ್ತದೆ.

ಬೈತಖೋಲದ ಹುಡುಗ

ಅಣ್ಣಾ, ನಿಮ್ಮ ಮಾತು ಖಂಡಿತವಾ? ನನಗೆ ಗೊತ್ತಿರುವ ಒಬ್ಬ ಶಿರಸಿಯಲ್ಲಿ ಗ್ಯಾರೇಜಿನಲ್ಲೇ ಮಲಗ್ತಾನೆ.

ಶಿರಸಿ ಪೇಟೆ

ಖಂಡಿತ ತಮ್ಮಾ. ಅವನಿಗೆ ಹೇಳು.

ಹೆಸರು ಬೇಡ

ನನಗೆ 19. ಹೊರಗೆ ಬಂದು ಏಳು ತಿಂಗಳಾಯ್ತು. ಮುಂಡಗೋಡ ಕಡೆ ಇದ್ದೀನಿ, ಟೇಲರಿಂಗ್ ಕೆಲಸ. ರಾತ್ರಿ ತುಂಬಾ ಕಷ್ಟ ಆಗ್ತದೆ. ಅಲ್ಲಿ 30 ಜನರ ಉಸಿರಾಟ ಕೇಳಿಸ್ತಾ ನಿದ್ದೆ ಬರ್ತಿತ್ತು, ಇಲ್ಲಿ ಫ್ಯಾನಿನ ಸದ್ದು ಮಾತ್ರ. ಗೆಳತಿಗೆ ಮೆಸೇಜ್ ಹಾಕೋಣ ಅಂದರೆ ಅವಳಿಗೆ ಈಗ ಮದುವೆ ಆಗಿದೆ, ತೊಂದರೆ ಆಗಬಹುದು ಅಂತ ಬರೆದು ಬರೆದು ಅಳಿಸ್ತೀನಿ.

ಕಾಳಿ ದಂಡೆಯವಳು

ತಂಗಿ, ಹಾಕು ಮೆಸೇಜ್. ದೊಡ್ಡದೇನೂ ಬೇಡ. "ಊಟ ಆಯ್ತಾ" ಅಂತ ಎರಡು ಪದ. ಉತ್ತರ ತಡವಾಗಿ ಬಂದರೆ ಬೇಡ ಅಂತ ಅರ್ಥ ಅಲ್ಲ, ಅವಳ ಕೈಗೆ ಫೋನ್ ಸಿಗೋದೇ ಕಷ್ಟ ಇರಬಹುದು. ನಾನೂ ಮೊದಲ ವರ್ಷ ದೀಪ ಹಾಕಿಕೊಂಡೇ ಮಲಗ್ತಿದ್ದೆ. ನಿನಗೆ ಮಾತಾಡಬೇಕು ಅನ್ನಿಸಿದರೆ ಇಲ್ಲಿ ಒಳಪೆಟ್ಟಿಗೆಗೆ ಬರೆ, ನಾನು ರಾತ್ರಿ ಹನ್ನೊಂದರ ತನಕ ಎದ್ದಿರ್ತೀನಿ. ಅದಕ್ಕೂ ಆಚೆ ಮನಸ್ಸು ತಡೆಯದಿದ್ದರೆ 14416ಕ್ಕೆ ಮಾಡು, ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಕುಮಟೆಯ ಅಕ್ಕೋರು

ಮಗಾ, ನಾನೂ ಬೇಗ ಮಲಗೋದಿಲ್ಲ. ನನಗೂ ಬರೆ.

ಕಾಳಿ ದಂಡೆಯವಳು

ಎಲ್ಲರ ಮಾತು ಓದಿ ನಾನು, ಹುಬ್ಬಳ್ಳಿಯವಳು, ಇನ್ನಿಬ್ಬರು ಸೇರಿ ಒಂದು ನಿರ್ಧಾರ ಮಾಡಿದ್ದೀವಿ. ತಿಂಗಳ ಮೊದಲ ಭಾನುವಾರ ಸೇರೋದು. ಕಾರವಾರದ ಟ್ಯಾಗೋರ್ ಬೀಚ್ ಅಂದ್ಕೊಂಡಿದ್ದೆವು, ಆದರೆ ಶಿರಸಿ, ಯಲ್ಲಾಪುರ ಕಡೆಯವರಿಗೆ ದೂರ. ಅದಕ್ಕೆ ಕುಮಟಾ. ಘಟ್ಟದ ಮೇಲಿನವರಿಗೂ ಕರಾವಳಿಯವರಿಗೂ ನಡುವೆ ಆಗುತ್ತದೆ. ಅಕ್ಕೋರು ತಮ್ಮ ಮನೆ ಅಂಗಳ ಕೊಡ್ತೀನಿ ಅಂದಿದ್ದಾರೆ.

18 ದಾಟಿ ಹೊರಬಂದವರಿಗೆ ಮಾತ್ರ. ಒಳಗಿರುವ ಮಕ್ಕಳ ಜೊತೆ ಏನೇ ಮಾಡೋದಿದ್ದರೂ ಅಧೀಕ್ಷಕರ, ಮಕ್ಕಳ ಕಲ್ಯಾಣ ಸಮಿತಿಯ ಒಪ್ಪಿಗೆ ತಗೊಂಡು ಆಮೇಲೆ ನೋಡೋಣ. ಫೋಟೊ ಇಲ್ಲ. ಭಾಷಣಕ್ಕೆ ಅಂತ ಯಾರನ್ನೂ ಕರೆಯೋದಿಲ್ಲ. ಯಾರು ಹೇಗೆ ಅಲ್ಲಿಗೆ ಬಂದೆವು ಅಂತ ಯಾರೂ ಕೇಳುವ ಹಾಗಿಲ್ಲ, ತಾವಾಗೇ ಹೇಳಿದರೆ ಕೇಳಿಸಿಕೊಳ್ಳೋದು ಅಷ್ಟೇ.

ಬಸ್ಸಿನ ವಿಷಯ. ನಮಗೆ ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ಸು ಉಚಿತ. ನಾನೂ ಅವಳೂ ಮತ್ತೆ ಸಿಕ್ಕ ಮೇಲೆ ಹೋಗಿ ಬರೋಕೆ ಆಗಿದ್ದೇ ಅದರಿಂದ, ಇಲ್ಲದಿದ್ದರೆ ಹುಬ್ಬಳ್ಳಿಗೆ ತಿಂಗಳಿಗೊಮ್ಮೆ ಹೋಗೋದು ನನ್ನ ಸಂಬಳದಲ್ಲಿ ಆಗದ ಮಾತು. ಆದರೆ ಹುಡುಗರು ಟಿಕೆಟ್ ತೆಗೀಬೇಕು. ಅದಕ್ಕೆ ಒಂದು ಡಬ್ಬಿ ಇಡ್ತೀವಿ, ಇದ್ದವರು ಹಾಕೋದು, ಬೇಕಾದವರು ತಗೊಳ್ಳೋದು, ಲೆಕ್ಕ ಬರೆಯೋದಿಲ್ಲ. ಗೆಳೆಯನ ಹತ್ತಿರ ಸಾಲ ಕೇಳೋದಕ್ಕಿಂತ ಡಬ್ಬಿಯಿಂದ ತಗೊಳ್ಳೋದು ಹಗುರ. ಬೈತಖೋಲದ ತಮ್ಮ ಹೇಳಿದ್ದರಿಂದ ಇದು ಹೊಳೆಯಿತು. ಜೂನ್, ಜುಲೈನಲ್ಲಿ ತಿಂಗಳಿಗೊಮ್ಮೆ ಅಲ್ಲ, ಪ್ರತಿ ಭಾನುವಾರ ಸೇರ್ತೀವಿ.

ಮಧ್ಯಾಹ್ನ ಊಟ ಅಲ್ಲೇ ಮಾಡಿಕೊಳ್ಳೋದು. ಎಣ್ಣೆ ಬಾಟಲಿ, ಬಾಚಣಿಗೆ ನಾನು ತರ್ತೀನಿ.

ಬೈತಖೋಲದ ಹುಡುಗ

ಅಕ್ಕಾ, ಬಂಗಡೆ ನಾನು ತರಬಹುದಾ? ಮತ್ತೆ ದಾಂಡೇಲಿಯವನಿಗೆ ನಿನ್ನೆ ಫೋನ್ ಮಾಡಿದೆ. ಎತ್ತಲಿಲ್ಲ. ದುಡ್ಡಿನ ಮಾತು ಬಿಡು ಮಾರಾಯಾ, ಮೊದಲ ಭಾನುವಾರ ಕುಮಟೆಗೆ ಬಾ ಅಂತ ವಾಯ್ಸ್ ಮೆಸೇಜ್ ಹಾಕಿದ್ದೀನಿ. ಎರಡು ನೀಲಿ ಗೆರೆ ಬಂದಿದೆ.

ಹೆಸರು ಬೇಡ

ಮುಂಡಗೋಡದಿಂದ ಶಿರಸಿಗೆ ಬಂದು ಅಲ್ಲಿಂದ ಕುಮಟೆಗೆ ಬಸ್ ಹಿಡೀಬೇಕಲ್ವಾ? ಶಿರಸಿ ಸ್ಟ್ಯಾಂಡಲ್ಲಿ ಯಾರಾದರೂ ಸಿಗ್ತೀರಾ? ಒಬ್ಬಳೇ ಆ ಕಡೆ ಬಂದಿಲ್ಲ.

ಕಾಳಿ ದಂಡೆಯವಳು

ಹುಬ್ಬಳ್ಳಿಯವಳು ಶಿರಸಿ ಮೇಲೇ ಬರ್ತಾಳೆ. ಸ್ಟ್ಯಾಂಡಲ್ಲಿ ನಿನಗೆ ಕಾಯ್ತಾಳೆ. ಉದ್ದ ಜಡೆ, ನೀಲಿ ಬ್ಯಾಗು. ಬಸ್ ಹತ್ತುವ ಮುಂಚೆ ಒಂದು ಮೆಸೇಜ್ ಹಾಕು.